ಪಶ್ಚಿಮದ ಗಾಜು ಬೇಡ, ಉತ್ತರದ ಬೆಳಕು ತನ್ನಿ

ಓದುಗರ ಪ್ರಶ್ನೆ: ಬಳ್ಳಾರಿ ಊರ ಹೊರಗಿನ ಬಡಾವಣೆಯಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ. ಕಟ್ಟಿಸಿ ಆರು ವರ್ಷವಾಯಿತು. ಮಹಡಿ ಇಲ್ಲ, ಮೇಲೆ ಮೆಟ್ಟಿಲ ಕೋಣೆ ಮಾತ್ರ. ರಸ್ತೆ ಪಶ್ಚಿಮಕ್ಕೆ. ಉತ್ತರಕ್ಕೆ 4 ಅಡಿ ಜಾಗ ಬಿಟ್ಟು ಕಾಂಪೌಂಡ್, ಆಚೆ ಖಾಲಿ ಸೈಟು. ಮನೆ ಅಲಂಕಾರದ ಚಿತ್ರ ನೋಡುವುದೆಂದರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹಾಲಿನ ಪಶ್ಚಿಮ ಗೋಡೆಯಲ್ಲಿರುವ 4 ಅಡಿ ಕಿಟಕಿ ತೆಗೆಸಿ 8 ಅಡಿ ಅಗಲ, 7 ಅಡಿ ಎತ್ತರದ ಗಾಜು, ಅದರ ಪಕ್ಕ ಕೂತು ಓದಲು ಒಂದು ಕಟ್ಟೆ, ಎದುರಿಗೆ ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆ, ಕಪಾಟಿನಲ್ಲಿ ಕಿನ್ನಾಳದ ಗೊಂಬೆಗಳು, ಕಟ್ಟೆಯ ಮೇಲೆ ಸಂಡೂರಿನ ಲಂಬಾಣಿ ಕಸೂತಿಯ ದಿಂಬುಗಳು. ಇದು ಬಹಳ ದಿನದ ಆಸೆ. ಗಾಜಿನ ಅಂಗಡಿಯವರು ಕಪ್ಪು ಫಿಲ್ಮ್ ಹಚ್ಚಿದರೆ ಸಾಕು ಅಂತಾರೆ. ನಮ್ಮ ಮನೆಯವರು ಎಸಿ ಹಾಕಿಸಿದರಾಯಿತು ಅಂತಾರೆ. ಅತ್ತೆಯವರು ಮಾತ್ರ, "ಈಗಾಗಲೇ ಕಿಟಕಿ ಮೂಲ್ಯಾಗ ಬಿರುಕು ಬಿಟ್ಟೈತಿ, ಮೇ ತಿಂಗಳದಾಗ ಆ ಕಡೆ ಕೂಡಾಕ ಆಗಂಗಿಲ್ಲ, ಗೋಡಿ ಮುಟ್ಟಬ್ಯಾಡ" ಅಂತಾರೆ. ಕೈಯಲ್ಲಿ 3 ಲಕ್ಷ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಓದುವ ಕಟ್ಟೆ, ಇಟ್ಟಿಗೆ ಗೋಡೆ, ಗೊಂಬೆಯ ಕಪಾಟು ಮೂರೂ ಆಗುತ್ತವೆ. ಕೈಬಿಡಬೇಕಾದದ್ದು ಒಂದೇ, ಪಶ್ಚಿಮದ ಆ ದೊಡ್ಡ ಗಾಜು. ನಿಮ್ಮ ಅತ್ತೆಯವರು ಹೇಳಿದ ಎರಡು ಮಾತೂ ಸರಿ. ಬಿರುಕಿಗೂ ಬಿಸಿಲಿಗೂ ಕಾರಣ ಬೇರೆ ಬೇರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ನೀವು ನೋಡುವ ಚಿತ್ರಗಳ ಬಗ್ಗೆ. ನೆಲದಿಂದ ಮಾಳಿಗೆಯವರೆಗೆ ಗಾಜು, ಬಿಳಿ ಗೋಡೆ, ಕಿಟಕಿಗೆ ಒರಗಿ ಕೂತು ಓದುವ ಜಾಗ ಇರುವ ಮನೆಗಳಲ್ಲಿ ಬಹಳಷ್ಟು ಉತ್ತರ ಯುರೋಪಿನವು. ಕೋಪನ್‌ಹೇಗನ್‌ನಲ್ಲಿ ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ನೆಲದಿಂದ 11 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬಳ್ಳಾರಿಯಲ್ಲಿ ಅದೇ ದಿನ, ಅದೇ ಹೊತ್ತಿನಲ್ಲಿ ಸುಮಾರು 51 ಡಿಗ್ರಿ. ಅಲ್ಲಿಯವರು ಬಿಸಿಲನ್ನು ಮನೆಯೊಳಗೆ ಕರೆಯಲು ಗಾಜು ಹಾಕಿಸುತ್ತಾರೆ. ನಮಗೆ ಬೇಕಿರುವುದು ಬೆಳಕು, ಬಿಸಿಲಲ್ಲ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇದ್ದೇ ಇದೆ. ಮನೆಯ ನಕ್ಷೆ ಮಾಡುವಾಗಲೂ ಅವೆರಡನ್ನೂ ಬೇರೆಯಾಗಿಯೇ ನೋಡಬೇಕು. ನೀವು ಉಳಿಸಿಟ್ಟ ಚಿತ್ರಗಳನ್ನು ಮತ್ತೊಮ್ಮೆ ನೋಡಿ. ನಿಮ್ಮನ್ನು ಹಿಡಿದು ನಿಲ್ಲಿಸುವುದು ಗಾಜಿನ ಅಳತೆಯಲ್ಲ, ನೆರಳಿನ ಅಂಚು ಗಟ್ಟಿಯಾಗಿ ಕಾಣದಂಥ ತೆಳುವಾದ, ಸಮನಾದ ಬೆಳಕು. ಆ ಬೆಳಕು ನಿಮ್ಮ ಮನೆಗೆ ಪಶ್ಚಿಮದಿಂದ ಬರುವುದಿಲ್ಲ.

ಪಶ್ಚಿಮದ ತೊಂದರೆ ಸೂರ್ಯ ಕೆಳಗಿಳಿದು ಬರುವುದರಲ್ಲಿದೆ. ಏಪ್ರಿಲ್ ನಡುವೆ ಸಂಜೆ 4:30ಕ್ಕೆ ಬಳ್ಳಾರಿಯಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 2 ಅಡಿ ಚಾಚಿದ ಸಜ್ಜಾ ಗಾಜಿನ ಮೇಲೆ ಬೀಳಿಸುವ ನೆರಳು ಒಂದು ಅಡಿಗಿಂತ ಚೂರು ಹೆಚ್ಚು, ಅಷ್ಟೇ. ಉಳಿದ ಆರು ಅಡಿ ಗಾಜು ಬಿಸಿಲಿಗೆ ಬಯಲು. 5:30ಕ್ಕೆ ಸೂರ್ಯ 15 ಡಿಗ್ರಿಗೆ ಇಳಿದಾಗ ಅದೇ ಸಜ್ಜಾದ ನೆರಳು ಅರ್ಧ ಅಡಿ. 7 ಅಡಿ ಗಾಜನ್ನು 4:30ರ ಬಿಸಿಲಿನಿಂದ ಸಜ್ಜಾ ಒಂದರಿಂದಲೇ ಕಾಯಬೇಕೆಂದರೆ ಅದು 12 ಅಡಿ ಚಾಚಬೇಕು. ರಸ್ತೆಗೇ ಹೋಗುತ್ತದೆ. ಆದ್ದರಿಂದ "ಮೇಲೆ ದೊಡ್ಡ ಸಜ್ಜಾ ಹಾಕಿಕೊಡುತ್ತೇವೆ" ಎಂದು ಗೌಂಡಿ ಹೇಳಿದರೆ ಪಶ್ಚಿಮದ ಮಟ್ಟಿಗೆ ಆ ಮಾತು ನಡೆಯುವುದಿಲ್ಲ. ದಕ್ಷಿಣಕ್ಕಾದರೆ ನಡೆಯುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಆಗ ದಕ್ಷಿಣದ ಗೋಡೆಗೆ ಮಧ್ಯಾಹ್ನದ ಬಿಸಿಲೇ ಇಲ್ಲ.

ಇನ್ನು ಶಾಖದ ಲೆಕ್ಕ. 8×7 ಅಂದರೆ 56 ಚದರ ಅಡಿ, ಸುಮಾರು 5.2 ಚದರ ಮೀಟರ್. ಬೇಸಿಗೆಯ ಸಂಜೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 600ರಿಂದ 700 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ಬಣ್ಣವಿಲ್ಲದ 6 ಮಿ.ಮೀ. ಒಂಟಿ ಗಾಜು ಅದರಲ್ಲಿ ನೂರಕ್ಕೆ 80 ಪಾಲನ್ನು ಒಳಗೆ ಬಿಡುತ್ತದೆ. ಕೂಡಿದರೆ ಎರಡೂವರೆ ಕಿಲೋವ್ಯಾಟಿಗೂ ಮೇಲೆ. ಬಚ್ಚಲಮನೆಯ ಗೀಸರ್ 2 ಕಿಲೋವ್ಯಾಟಿನದು. ಅದಕ್ಕಿಂತ ದೊಡ್ಡ ಹೀಟರನ್ನು ಸಂಜೆ ಮೂರು ಗಂಟೆ ಕಾಲ ಹಾಲಿನಲ್ಲಿ ಉರಿಸಿದಂತೆ. ಒಂದು ಟನ್ ಎಸಿ ಹೊರಹಾಕುವ ಶಾಖ 3.5 ಕಿಲೋವ್ಯಾಟ್. ಅದರ ಮುಕ್ಕಾಲು ಶಕ್ತಿ ಈ ಗಾಜಿನೊಂದಿಗೆ ಗುದ್ದಾಡುವುದಕ್ಕೇ ಹೋಗುತ್ತದೆ, ಮಾಳಿಗೆಯ ಕಾವು, ಜನರ ಮೈಶಾಖ, ಅಡುಗೆಮನೆಯ ಬಿಸಿ ಎಲ್ಲಾ ಅದರ ಮೇಲೆ. ಎಸಿ ಬೇಡ ಎನ್ನುತ್ತಿಲ್ಲ. ಆದರೆ ಗಾಜಿನ ತಪ್ಪನ್ನು ಎಸಿಯಿಂದ ಸರಿಮಾಡಲು ಹೊರಟರೆ ತಿಂಗಳು ತಿಂಗಳು ಕರೆಂಟ್ ಬಿಲ್ಲಿನಲ್ಲಿ ಅದರ ದಂಡ ಕಟ್ಟುತ್ತಲೇ ಇರಬೇಕು. ಸಂಜೆ ಕರೆಂಟ್ ಹೋದ ದಿನ ಆ ಹಾಲಿನಲ್ಲಿ ಕೂರಲಾಗುವುದಿಲ್ಲ.

ಕಪ್ಪು ಫಿಲ್ಮ್ ಬಗ್ಗೆ ಇರುವ ನಂಬಿಕೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಕಪ್ಪು ಫಿಲ್ಮ್ ಬೆಳಕನ್ನು ಹೀರುತ್ತದೆ. ಹೀರಿದ್ದು ಎಲ್ಲಿಗೂ ಹೋಗುವುದಿಲ್ಲ, ಗಾಜು ಕಾಯುತ್ತದೆ, ಕಾದ ಗಾಜು ಹೊರಗೂ ಒಳಗೂ ಶಾಖ ಬಿಡುತ್ತದೆ. ನಿಮಗೆ ಬೇಕಿದ್ದ ಬೆಳಕು ಹೋಯಿತು, ಬೇಡದ ಬಿಸಿ ಅರ್ಧಂಬರ್ಧ ಉಳಿಯಿತು. ಇನ್ನೊಂದು ಅಪಾಯವೂ ಇದೆ. ಟಫನ್ ಮಾಡದ, ಅಂದರೆ ಕಾಯಿಸಿ ಗಟ್ಟಿಗೊಳಿಸದ ಸಾದಾ ಗಾಜಿಗೆ ಶಾಖ ಹೀರುವ ಫಿಲ್ಮ್ ಹಚ್ಚಿದಾಗ ಅರ್ಧ ನೆರಳು ಅರ್ಧ ಬಿಸಿಲು ಬಿದ್ದರೆ, ನಡುವಿನ ಭಾಗ ಹಿಗ್ಗಿ ಫ್ರೇಮಿನೊಳಗಿನ ತಣ್ಣನೆಯ ಅಂಚು ಹಿಗ್ಗದೆ ಅಂಚಿನಿಂದ ಸೀಳು ಬಿಡುತ್ತದೆ. ಒಳಗಿನ ಪರದೆಯದೂ ಇದೇ ಕತೆ. ಬಿಸಿಲು ಗಾಜು ದಾಟಿ ಪರದೆಗೆ ಬಡಿದಾಗ ಶಾಖ ಆಗಲೇ ಮನೆಯೊಳಗೆ ಬಂದಾಗಿದೆ. ಅದೇ ತಡೆ ಗಾಜಿನ ಹೊರಗಿದ್ದರೆ ಬಿಸಿಲಿನ ಬಹುಪಾಲನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಿಂದಿನವರು ಬಿದಿರಿನ ತಟ್ಟಿ, ಲಾವಂಚದ ತಟ್ಟಿಗಳನ್ನು ಹೊರಗಡೆ ಇಳಿಬಿಡುತ್ತಿದ್ದುದು ಇದಕ್ಕೇ.

ಅಂಗಡಿಯಲ್ಲಿ "ಹೀಟ್ ಪ್ರೂಫ್ ಗ್ಲಾಸ್" ಎಂದರೆ ಆ ಮಾತಿಗೆ ಅರ್ಥವಿಲ್ಲ. ಎರಡು ಅಂಕಿ ಬರೆದುಕೊಡಿ ಎಂದು ಕೇಳಿ: ಎಸ್‌ಎಚ್‌ಜಿಸಿ, ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು, ವಿಎಲ್‌ಟಿ, ಅಂದರೆ ಬೆಳಕಿನಲ್ಲಿ ಎಷ್ಟು ಪಾಲು ಎಂಬುದು. ನಮ್ಮ ಕಡೆಗೆ ಮೊದಲನೆಯದು 0.30ರ ಒಳಗೆ, ಎರಡನೆಯದು 40 ಪ್ರತಿಶತಕ್ಕಿಂತ ಮೇಲೆ ಇರುವ ಗಾಜು ಒಳ್ಳೆಯದು. ಅಂಕಿ ಕೊಡಲಾಗದವರ ಗಾಜು ಬೇಡ. ಟಫನ್ ಗಾಜಾದರೆ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರುತ್ತದೆ, ಅದನ್ನು ನೋಡಿಯೇ ಹಣ ಕೊಡಿ. ಟಫನ್ ಆದ ಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಹಾಗಾಗಿ ಫ್ರೇಮ್ ಗೋಡೆಗೆ ಕೂತ ಮೇಲೆಯೇ ಅಳತೆ ಕೊಡಬೇಕು, ನಕ್ಷೆ ನೋಡಿ ಕೊಡಬಾರದು.

ಈಗ ನಿಮ್ಮ ಕಟ್ಟೆಗೆ ಬರೋಣ. ಅದರ ಜಾಗ ಉತ್ತರದ ಗೋಡೆ. ಕಾಂಪೌಂಡಿಗೂ ಗೋಡೆಗೂ ನಡುವೆ ಇರುವ 4 ಅಡಿ ನಿಮ್ಮ ಅದೃಷ್ಟ. ಅಲ್ಲಿ 5 ಅಡಿ ಅಗಲದ ಕಿಟಕಿ ತೆಗೆಸಿ. ಕೆಳ ಅಂಚು ಕಟ್ಟೆಯ ಮಟ್ಟಕ್ಕೆ, ಅಂದರೆ ನೆಲದಿಂದ 18 ಇಂಚಿಗೆ. ಮೇಲಂಚು 7 ಅಡಿಗೆ, ಇದ್ದ ಲಿಂಟಲ್, ಅಂದರೆ ಕಿಟಕಿ ಮೇಲಿನ ತೊಲೆಯ ಮಟ್ಟಕ್ಕೇ. ಬೆಳಕು ಕೋಣೆಯ ಆಳಕ್ಕೆ ಹೋಗುವುದು ಕಿಟಕಿಯ ಮೇಲಿನ ಭಾಗದಿಂದ, ಅದಕ್ಕೇ ಅಗಲ ಕಡಿಮೆಯಾದರೂ ಎತ್ತರ ಬಿಟ್ಟುಕೊಡಬೇಡಿ. ಮೇಲೆ ಒಂದೂವರೆ ಅಡಿ ಸಜ್ಜಾ ಸಾಕು. ಜೂನ್ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಕೇವಲ 8 ಡಿಗ್ರಿ. ಆ ತಿಂಗಳುಗಳಲ್ಲಿ ಬೆಳಗ್ಗೆ ಈಶಾನ್ಯದಿಂದ, ಸಂಜೆ ವಾಯವ್ಯದಿಂದ ಓರೆ ಬಿಸಿಲು ನುಸುಳುತ್ತದೆ. ಕಿಟಕಿಯ ಪಶ್ಚಿಮದ ಬದಿಗೆ ಒಂದು ಅಡಿ ಚಾಚಿದ ನಿಲುವು ಪಟ್ಟಿ, ಸಿಮೆಂಟಿನದೋ ಕಡಪ ಕಲ್ಲಿನದೋ, ನಿಲ್ಲಿಸಿದರೆ ಸಂಜೆಯ ಬಿಸಿಲಿನ ಬಹುಪಾಲು ನಿಲ್ಲುತ್ತದೆ.

ಕಾಂಪೌಂಡಿನ ಒಳಮೈಗೆ ಬಿಳಿ ಸುಣ್ಣ ಹೊಡೆಸಿ. ಇದು ಅಲಂಕಾರಕ್ಕಲ್ಲ. ಆಕಾಶದ ಬೆಳಕು ಆ ಬಿಳಿ ಗೋಡೆಗೆ ಬಿದ್ದು ತಿರುಗಿ ನಿಮ್ಮ ಕಟ್ಟೆಗೆ ಬರುತ್ತದೆ, ನಿಮಗೆ ಚಿತ್ರಗಳಲ್ಲಿ ಕಾಣುವ ಆ ಮೆದು ಬೆಳಕು ಇದೇ. ಹಂಪಿಯ ರಾಣಿ ಸ್ನಾನಗೃಹಕ್ಕೆ ಹೋದಾಗ ಈ ಕಣ್ಣಿನಿಂದ ನೋಡಿ. ಹೊರಗೆ ಸಪಾಟಾದ ಗೋಡೆ, ಒಳಗೆ ಬಯಲು ಕೊಳದ ಸುತ್ತ ಕಮಾನಿನ ಪಡಸಾಲೆ. ಪಡಸಾಲೆಯಲ್ಲಿ ನಿಂತವರಿಗೆ ಸಿಗುವ ಬೆಳಕು ನಡುವಿನ ಬಯಲಿಗೆ ಬಿದ್ದು ಚೆದುರಿ ಬಂದದ್ದು. ಮುಂದೆ ಪಕ್ಕದ ಸೈಟಿನಲ್ಲಿ ಮನೆ ಎದ್ದರೆ ಉತ್ತರದ ಬೆಳಕು ಕಡಿಮೆಯಾಗುವುದು ನಿಜ. ಅದಕ್ಕೆ ಈಗಲೇ ಒಂದು ಉಪಾಯ ಮಾಡಿಡಬಹುದು. ಮೆಟ್ಟಿಲ ಕೋಣೆಯ ಉತ್ತರದ ಗೋಡೆಯಲ್ಲಿ, ಸೂರಿನ ಕೆಳಗೇ, 4 ಅಡಿ ಅಗಲ ಒಂದೂವರೆ ಅಡಿ ಎತ್ತರದ ತೆರೆಯುವ ಕಿಟಕಿ ಇಡಿಸಿ. ಹಳೆಯ ಮಣ್ಣಿನ ಮಾಳಿಗೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ: ಮೇಲಿನಿಂದ ಬೆಳಕು ಇಳಿಯುತ್ತದೆ, ಬಿಸಿಗಾಳಿ ಮೇಲೇರಿ ಹೊರಬೀಳುತ್ತದೆ. ಹಾಲಿನ ಮೇಲಿನ ಆರ್‌ಸಿಸಿ ಸ್ಲ್ಯಾಬ್ ಕೊರೆದು ಗಾಜಿನ ಗೂಡು ಇಡಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಕಬ್ಬಿಣ ಕತ್ತರಿಸುತ್ತಾರೆ, ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ನಡುಹಗಲ ಬಿಸಿಲು ನೇರ ತಲೆಯ ಮೇಲೆ.

ಕಟ್ಟೆಯ ಅಳತೆ: ಎತ್ತರ ದಿಂಬು ಸೇರಿ 18 ಇಂಚು, ಆಳ 22 ಇಂಚು, ಉದ್ದ 5 ಅಡಿ. ಕಾಲು ಚಾಚಿ ಒರಗಿ ಓದಬೇಕೆಂದರೆ ಉದ್ದ ಇದಕ್ಕಿಂತ ಕಡಿಮೆ ಆಗಬಾರದು. ಮೇಲ್ಹಾಸಿಗೆ ಕಡಪ ಅಥವಾ ಶಹಾಬಾದ್ ಕಲ್ಲು ಬೇಸಿಗೆಯಲ್ಲಿ ಮೈಗೆ ತಂಪು. ಒಂದೂಕಾಲು ಇಂಚು ದಪ್ಪದ ಕಲ್ಲಿಗೆ ಎರಡರಿಂದ ಎರಡೂವರೆ ಅಡಿಗೊಂದು ಆಸರೆ ಗೋಡೆ ಕೊಡಿಸಿ, ನಡುವಿನ ಗೂಡುಗಳು ಪುಸ್ತಕಕ್ಕಾಗುತ್ತವೆ. ಎರಡೂ ಸುಣ್ಣಕಲ್ಲಿನ ಜಾತಿಯವು. ನಿಂಬೆರಸ, ಹುಣಸೆಹುಳಿ, ಟಾಯ್ಲೆಟ್ ಕ್ಲೀನರ್ ಬಿದ್ದರೆ ಮೆರುಗು ಸುಟ್ಟು ಕಲೆ ಉಳಿಯುತ್ತದೆ. ಬೋರ್ ನೀರಿನಿಂದ ಒರೆಸಿದರೆ ಬಿಳಿ ಪೊರೆ ಕಟ್ಟುತ್ತದೆ, ಕಪ್ಪು ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ. ಒಣ ಬಟ್ಟೆಯೇ ಒಳ್ಳೆಯದು. ಕೂರುವ ಮಟ್ಟದ ಗಾಜಾದ್ದರಿಂದ ಟಫನ್ ಅಥವಾ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಅಂಟಿಸಿದ ಗಾಜು) ಇರಲೇಬೇಕು.

ಗೋಡೆ ಒಡೆಯುವ ಮುಂಚೆ ಬಿರುಕಿನ ವಿಚಾರ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಅದರಲ್ಲೂ ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಂಡಂತೆ ಕಂಡರೆ, ಕಾರಣ ಗೋಡೆಯಲ್ಲಿಲ್ಲ, ನೆಲದಲ್ಲಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಪಾಯವೂ ಅದರ ಜೊತೆ ಆಡುತ್ತದೆ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿ ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆದಿಡಿ. ಪಟ್ಟಿ ಒಡೆದರೆ ಗೋಡೆ ಇನ್ನೂ ಅಲ್ಲಾಡುತ್ತಿದೆ ಎಂದರ್ಥ. ಹಾಗಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವ ತನಕ ಯಾವ ಗೋಡೆಯನ್ನೂ ಮುಟ್ಟಬಾರದು. ಪಾಯದ ಸುತ್ತ ನೀರು ನಿಲ್ಲದಂತೆ 3 ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹೊರಕ್ಕೆ ಇಳಿಜಾರಾಗಿ ಹಾಕಿಸುವುದು ಇಂಥ ಮಣ್ಣಿನಲ್ಲಿ ಮೊದಲ ಚಿಕಿತ್ಸೆ. ಬಿರುಕಿನ ಮೇಲಿನ ಗಾಜಿನ ಪಟ್ಟಿ ಒಡೆಯದೆ ಉಳಿದರೆ ಮುಂದುವರಿಯಬಹುದು.

ಮನೆ ಪಿಲ್ಲರ್ ಮೇಲೆ ನಿಂತಿದೆಯೋ ಗೋಡೆಯ ಮೇಲೆಯೇ ನಿಂತಿದೆಯೋ ಎಂಬುದನ್ನು ನಕ್ಷೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಪಿಲ್ಲರ್ ಮನೆಯಾದರೆ ಪಿಲ್ಲರುಗಳ ನಡುವಿನ ಗೋಡೆ ಕತ್ತರಿಸುವುದು ಕಷ್ಟವಲ್ಲ. ಗೋಡೆಯೇ ಭಾರ ಹೊತ್ತಿದ್ದರೆ 5 ಅಡಿ ಕಿಂಡಿಗೂ ಎಂಜಿನಿಯರ ಲೆಕ್ಕ ಬೇಕು. ಯಾವುದೇ ಆದರೂ ಕಟಿಂಗ್ ಮಷೀನಿನಿಂದ ಗೆರೆ ಕೊಯ್ದು ಬಿಡಿಸಬೇಕು, ಸುತ್ತಿಗೆಯಿಂದ ಹೊಡೆದರೆ ಪಕ್ಕದ ಪ್ಲಾಸ್ಟರಿಗೂ ಬಿರುಕು ಹರಿಯುತ್ತದೆ. 7 ಅಡಿ ಮಟ್ಟದಲ್ಲಿ ಸುತ್ತಲೂ ಲಿಂಟಲ್ ಪಟ್ಟಿ ಇಲ್ಲದಿದ್ದರೆ ಹೊಸ ಲಿಂಟಲ್ ಎರಡೂ ಬದಿ 9 ಇಂಚು ಗೋಡೆಯ ಮೇಲೆ ಕೂರಬೇಕು, ಕೆಳಗಿನ ಆಸರೆ 14 ದಿನ ತೆಗೆಯಬಾರದು. ಅಷ್ಟೂ ದಿನ ನೀರು ಹೊಡೆಯುತ್ತಿರಬೇಕು. ಈ ಬಿಸಿಲಲ್ಲಿ ಒದ್ದೆ ಗೋಣಿಚೀಲ ಹೊದಿಸದೆ ಕ್ಯೂರಿಂಗ್ ಆಗುವುದೇ ಇಲ್ಲ. ಹೊರಗೋಡೆ ಬದಲಿಸುವ ಮುಂಚೆ ಪಾಲಿಕೆಯಲ್ಲಿ ಕೇಳಿಕೊಳ್ಳಿ.

ಪಶ್ಚಿಮದ 4 ಅಡಿ ಕಿಟಕಿಯನ್ನು ಮುಚ್ಚಬೇಡಿ. ಮುಂಗಾರಿನ ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಕಿಟಕಿಯ ಹೊರಗೆ 9 ಇಂಚು ಅಂತರ ಬಿಟ್ಟು ನಿಲುವು ಪಟ್ಟಿಗಳ ತೆರೆ ನಿಲ್ಲಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟಿಗಳನ್ನು ಗೋಡೆಗೆ ನೇರ ಲಂಬಕೋನದಲ್ಲಿ ನಿಲ್ಲಿಸಿದರೆ ಏಪ್ರಿಲ್‌ನ ನೇರ ಪಶ್ಚಿಮದ ಬಿಸಿಲು ನಡುವಿನಿಂದ ಸೀದಾ ಒಳಬರುತ್ತದೆ. ಅದಕ್ಕೆ 45 ಡಿಗ್ರಿ ಓರೆ ಮಾಡಿ, ಬಾಯಿ ನೈಋತ್ಯಕ್ಕೆ ತಿರುಗಿರಬೇಕು. ಆಗ ಮೇ, ಜೂನ್‌ನಲ್ಲಿ ವಾಯವ್ಯದ ಕಡೆ ಸರಿದ ಸೂರ್ಯನಿಗೆ ಪಟ್ಟಿಯ ಬೆನ್ನು ಸಿಗುತ್ತದೆ, ಮುಂಗಾರಿನ ಗಾಳಿಗೆ ಬಾಯಿ ಸಿಗುತ್ತದೆ. 6 ಇಂಚು ಅಗಲದ ಪಟ್ಟಿಯಾದರೆ ಒಂದರಿಂದ ಇನ್ನೊಂದಕ್ಕೆ 4 ಇಂಚು ಅಂತರ, ಅದಕ್ಕಿಂತ ಹೆಚ್ಚಾದರೆ ಸಂದಿಯಲ್ಲಿ ಬಿಸಿಲು ಕಾಣುತ್ತದೆ. ಅಲ್ಯೂಮಿನಿಯಂ ಅಥವಾ ಸಿಮೆಂಟ್ ಫೈಬರ್ ಪಟ್ಟಿ ಬಾಳುತ್ತದೆ; ಅಗ್ಗದ ಮರ ನಮ್ಮ ಬಿಸಿಲಿಗೆ ಎರಡೇ ವರ್ಷದಲ್ಲಿ ಸೊಟ್ಟಗಾಗುತ್ತದೆ. ಎಲ್ಲರೂ ಕೇಳುವ ಸುಟ್ಟ ಮಣ್ಣಿನ ತೂತಿನ ಬ್ಲಾಕ್ ಚೆಂದವೇ, ಆದರೆ 4 ಇಂಚು ಆಳದ ಬ್ಲಾಕಿನಲ್ಲಿ 4 ಇಂಚಿನ ತೂತಿದ್ದರೆ 45 ಡಿಗ್ರಿಗಿಂತ ಕೆಳಗಿಳಿದ ಸೂರ್ಯನನ್ನು ಅದು ಪೂರ್ತಿ ತಡೆಯಲಾರದು. ಜೊತೆಗೆ ಕೆಂಪು ಅದಿರಿನ ಧೂಳು ತೂತುಗಳಲ್ಲಿ ಕೂರುತ್ತದೆ. ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಿದ್ದರೆ ವಾರಕ್ಕೊಮ್ಮೆ ಬ್ರಷ್ ಹಿಡಿಯಬೇಕು. ಹಣ ಸಾಲದಿದ್ದರೆ ಹೊರಗಡೆ ಬಿದಿರಿನ ಚಿಕ್ ಇಳಿಬಿಡಿ, ಅದೂ ಸಾಕು. ಬೇವು, ಹೊಂಗೆ ನೆಡುವ ಮನಸ್ಸಿದ್ದರೆ ಎರೆ ಮಣ್ಣಿನಲ್ಲಿ ಗೋಡೆಯ ಬುಡಕ್ಕೆ ಬೇಡ. ಬೇರು ಪಾಯದ ಕೆಳಗಿನ ತೇವ ಹೀರಿ ಬಿರುಕು ಹೆಚ್ಚಿಸುತ್ತದೆ. ದೊಡ್ಡ ಕುಂಡದಲ್ಲಿ ಮಧುಮಾಲತಿ ಬಳ್ಳಿ ಹಚ್ಚಿ ತಂತಿಯ ಮೇಲೆ ಹಬ್ಬಿಸಿ.

ಇಟ್ಟಿಗೆ ಗೋಡೆಗೆ ಇಲ್ಲಿನ ದೊಡ್ಡ ಶತ್ರು ಉಪ್ಪು. ಗಡಸು ಬೋರ್ ನೀರಿನಲ್ಲಿ ನೆನೆಸಿದ ಇಟ್ಟಿಗೆ, ಅದೇ ನೀರಿನಲ್ಲಿ ಕಲಸಿದ ಗಾರೆ, ಒಣಗುತ್ತ ಹೋದಂತೆ ಮೈಮೇಲೆ ಬಿಳಿ ಪುಡಿ ಬಿಡುತ್ತವೆ. ಆ ಪುಡಿಯನ್ನು ತೊಳೆದರೆ ನೀರಿನ ಜೊತೆ ಮತ್ತೆ ಒಳಗೆ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಎರಡು ಮೂರು ತಿಂಗಳಾದರೂ ಬರುವುದು ನಿಲ್ಲದಿದ್ದರೆ ಎಲ್ಲಿಂದಲೋ ತೇವ ಏರುತ್ತಿದೆ ಎಂದು ಹುಡುಕಿ. ಮೇಲೆ ಹೊಳೆಯುವ ವಾರ್ನಿಶ್ ಹಚ್ಚುವುದು ಸಾಮಾನ್ಯ ತಪ್ಪು, ಒಳಗಿನ ಉಪ್ಪು ಪೊರೆಯನ್ನು ಎಬ್ಬಿಸಿ ಸಿಪ್ಪೆ ಸುಲಿಯುತ್ತದೆ. ಗೋಡೆ ಪೂರ್ತಿ ಒಣಗಿದ ಮೇಲೆ ಸಿಲೇನ್-ಸಿಲಾಕ್ಸೇನ್ ಜಾತಿಯ, ಗೋಡೆ ಉಸಿರಾಡಲು ಬಿಡುವ ಲೇಪ ಹಚ್ಚಿಸಿ. ಇಟ್ಟಿಗೆ ಆರಿಸುವಾಗ ಒಂದನ್ನು ತೂಗಿ 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ. ಒಣ ತೂಕದ 20 ಪ್ರತಿಶತಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ ಆ ಗೂಡಿನ ಇಟ್ಟಿಗೆ ಬೇಡ. ಸಂದುಗಳು 10 ಮಿ.ಮೀ., ಎಲ್ಲವೂ ಒಂದೇ ಸಮ. ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಗೌಂಡಿಯ ಕೈ ಮುಚ್ಚಿಡಲಾಗುವುದಿಲ್ಲ, ಹಾಗಾಗಿ ಮೊದಲು 3 ಅಡಿ ಮಾದರಿ ಕಟ್ಟಿಸಿ ನೋಡಿ. ಪಶ್ಚಿಮದ ಗೋಡೆಗೆ ಮಾತ್ರ ಬೇಡ. 9 ಇಂಚಿನ ಗೋಡೆ ಸಂಜೆ ಹೀರಿದ ಕಾವನ್ನು ಆರೇಳು ಗಂಟೆ ಬಿಟ್ಟು, ನೀವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಅದಕ್ಕೆ ಹೊರಮೈ ತಿಳಿ ಬಣ್ಣವೇ ಇರಲಿ.

ಇನ್ನು 3 ಲಕ್ಷ. ನೀವು ಕೇಳದ ಒಂದು ಕೆಲಸಕ್ಕೆ ಮೊದಲ ಹಣ ಹೋಗಬೇಕು, ಅದು ಮಾಳಿಗೆ. ಮಹಡಿ ಇಲ್ಲದ ಮನೆಯಲ್ಲಿ ದಿನವಿಡೀ ಬಿಸಿಲು ಕುಡಿಯುವುದು ಸ್ಲ್ಯಾಬ್. ಬಿರುಕು, ಇಳಿಜಾರು ಸರಿಮಾಡಿಸಿ ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಹಾಸಿಸಿದರೆ ಬಹಳ ವರ್ಷ ಬಾಳುತ್ತದೆ. ಬಿಳಿ ರಿಫ್ಲೆಕ್ಟಿವ್ ಲೇಪ ಅಗ್ಗ, ಆದರೆ ಧೂಳು ಕೂತಷ್ಟೂ ಕೆಲಸ ಕುಗ್ಗುತ್ತದೆ, ಪ್ರತಿ ಬೇಸಿಗೆಗೆ ಮುಂಚೆ ತೊಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಆಮೇಲೆ ಉತ್ತರದ ಕಿಟಕಿ ಮತ್ತು ಕಟ್ಟೆ, ಆಮೇಲೆ ಪಶ್ಚಿಮದ ತೆರೆ, ಉಳಿದರೆ ಇಟ್ಟಿಗೆ ಗೋಡೆ.

ಇಷ್ಟಾದ ಮೇಲೂ ಪಶ್ಚಿಮಕ್ಕೇ ದೊಡ್ಡ ಗಾಜು ಬೇಕೆನಿಸಿದರೆ, ಮೇಲೆ ಹೇಳಿದ ಅಂಕಿಯ ಸೋಲಾರ್ ಕಂಟ್ರೋಲ್ (ಬಿಸಿಲ ಶಾಖ ತಡೆಯುವ) ಜೋಡಿ ಗಾಜು, ಅದರ ಹೊರಗೆ ಓರೆ ಪಟ್ಟಿಗಳ ತೆರೆ, ಎರಡೂ ಒಟ್ಟಿಗೆ ಇರಬೇಕು. ಖರ್ಚು ನಿಮ್ಮ ಮೊತ್ತದ ದೊಡ್ಡ ಪಾಲನ್ನು ತಿನ್ನುತ್ತದೆ, ತೆರೆಯ ಹಿಂದೆ ನಿಂತರೆ ಚಿತ್ರದಲ್ಲಿನ ಬಯಲು ನೋಟವೂ ಸಿಗುವುದಿಲ್ಲ. ಕಿನ್ನಾಳದ ಗೊಂಬೆಯ ಬಣ್ಣ, ಕಸೂತಿಯ ನೂಲು ಎರಡೂ ನೇರ ಬಿಸಿಲಿಗೆ ಮಾಸುತ್ತವೆ. ಪಿವಿಬಿ ಎಂಬ ಪ್ಲಾಸ್ಟಿಕ್ ಪೊರೆಯ ಲ್ಯಾಮಿನೇಟೆಡ್ ಗಾಜು ನೇರಳಾತೀತ ಕಿರಣಗಳನ್ನು ಬಹುತೇಕ ಪೂರ್ತಿ ತಡೆಯುತ್ತದೆ, ಆದರೂ ಕಣ್ಣಿಗೆ ಕಾಣುವ ಬೆಳಕಿನಿಂದಲೂ ನಿಧಾನವಾಗಿ ಬಣ್ಣ ಇಳಿಯುತ್ತದೆ. ಕಪಾಟು ಕಿಟಕಿಯ ಎದುರಿಗಲ್ಲ, ಪಕ್ಕದ ಗೋಡೆಗಿರಲಿ.

ಯಾರಿಗೂ ಮುಂಗಡ ಕೊಡುವ ಮೊದಲು ಒಂದು ವಾರದ ಪರೀಕ್ಷೆ ಮಾಡಿ. ಕೃಷಿ ಸಾಮಾನಿನ ಅಂಗಡಿಯಲ್ಲಿ 75 ಪ್ರತಿಶತ ನೆರಳಿನ ಹಸಿರು ಶೇಡ್ ನೆಟ್ ತಂದು ಪಶ್ಚಿಮದ ಕಿಟಕಿಯ ಹೊರಗೆ, ಗಾಜಿನಿಂದ ಒಂದು ಅಡಿ ದೂರ ಕಟ್ಟಿ. ಹಾಲಿನ ನಡುವೆ ಥರ್ಮಾಮೀಟರ್ ಇಟ್ಟು ನೆಟ್ ಕಟ್ಟಿ ಮೂರು ದಿನ, ಬಿಚ್ಚಿ ಮೂರು ದಿನ, ಸಂಜೆ 5ಕ್ಕೂ ರಾತ್ರಿ 10ಕ್ಕೂ ಬರೆದಿಡಿ. ಬೆಳಗ್ಗೆ 10ರಿಂದ ಸಂಜೆ 6ರ ತನಕ ಕಿಟಕಿಗಳು ಮುಚ್ಚಿರಲಿ, ರಾತ್ರಿ ಎಲ್ಲ ತೆರೆದಿರಲಿ. ಅದೇ ವಾರ ಉತ್ತರದ ಗೋಡೆಯ ಮೇಲೆ ಟೇಪಿನಿಂದ ಹೊಸ ಕಿಟಕಿಯ ಅಳತೆ ಗುರುತು ಮಾಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಗೋಡೆಯ ಹೊರಗೆ 4 ಅಡಿ ಜಾಗದಲ್ಲಿ ಕುರ್ಚಿ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಪುಸ್ತಕ ಹಿಡಿದು ಕೂತು ನೋಡಿ. ಕಿಟಕಿ ಆದ ಮೇಲೆ ನಿಮ್ಮ ಕಟ್ಟೆಗೆ ಯಾವ ದಿಕ್ಕಿನಿಂದ, ಎಂಥ ಬೆಳಕು ಬರುತ್ತದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ.